ಪೂಜೆಗಿಟ್ಟ ಕೀಲಿ

ಅಂತರಘಟ್ಟೆಯ ಹಾಲೇಶ್ ಡ್ಯೂಟಿಯಲ್ಲಿ ಮಲಗಿದ್ದ, ಅದಕ್ಕೇ ಬೆಂಕಿ ಬಿತ್ತು ಎಂದು ಕಡೂರಿನ ಹೋಟೆಲುಗಳಲ್ಲಿ ಹೇಳುತ್ತಾರೆ. ಅದು ಸುಳ್ಳು. ವಿಚಾರಣೆಗೆ ಆತನ ಉತ್ತರವನ್ನು ಬರೆದುಕೊಟ್ಟವನು ನಾನು, ಕಾಗದಗಳನ್ನೆಲ್ಲ ಓದಿದ್ದೇನೆ.

ಹಾಲೇಶ್‌ಗೆ ಮೂವತ್ತನಾಲ್ಕು ವರ್ಷ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಎಮ್ಮೆದೊಡ್ಡಿ ರಸ್ತೆಯ ಖಾಸಗಿ ಡೇಟಾ ಸೆಂಟರಿನಲ್ಲಿ ಆರು ವರ್ಷದಿಂದ ಗುತ್ತಿಗೆಯ ಮೇಲೆ ಪಾಳಿ ಎಂಜಿನಿಯರ್ ಆಗಿದ್ದ. ಅಲ್ಲಿನ ಕಂಪ್ಯೂಟರುಗಳಿಗೆ ಒಂದು ಕ್ಷಣವೂ ಕರೆಂಟು ತಪ್ಪದಂತೆ, ಅವು ಬಿಸಿಯಾಗದಂತೆ ನೋಡಿಕೊಳ್ಳುವುದು ಆತನ ಕೆಲಸ. 2024ರ ನವೆಂಬರ್ ಒಂದರಂದು ಖಾಯಂ ಮಾಡುವುದಾಗಿ ಕಂಪನಿ ಲಿಖಿತವಾಗಿ ತಿಳಿಸಿತ್ತು.

ಅಕ್ಟೋಬರ್ ಹನ್ನೊಂದು, ಶುಕ್ರವಾರ, ಆಯುಧಪೂಜೆ. ಹಾಲೇಶ್‌ನದು ಬೆಳಗಿನ ಪಾಳಿ. ಹತ್ತೂವರೆಗೆ ಮ್ಯಾನೇಜರ್ ಸುದರ್ಶನ ಅವರು ಧೂಪ, ಹಾರ, ಬೂದುಗುಂಬಳ ಹಿಡಿಸಿಕೊಂಡು ಬ್ಯಾಟರಿ ಕೋಣೆಗೇ ಬಂದರು.

“ಸಾರ್, ಇಲ್ಲಿ ಧೂಪ ಹಾಕಿದ್ರೆ ಅಲಾರಂ ಹೊಡ್ಕೊಂಡು ಬೆಂಕಿ ಆರಿಸೋ ಗ್ಯಾಸ್ ಬಿಟ್ಕೊಳ್ಳುತ್ತೆ. ಹೊರಗೆ ಜನರೇಟರ್ ಹತ್ರ ಮಾಡೋಣ,” ಎಂದ ಹಾಲೇಶ್.

“ಅಲಾರಂ ನಿಲ್ಲಿಸಪ್ಪಾ, ಆಯ್ತು.”

“ಬರೆದು ಕೊಡಿ ಸಾರ್.”

“ನಿಮ್ಮೂರ ಅಮ್ಮನಿಗೆ ಧೂಪ ಹಾಕೋವಾಗ ಯಾರ ಸಹಿ ತಗೊಳ್ತೀಯೋ? ಪೂಜಾರಿದಾ, ತಹಸೀಲ್ದಾರ್‌ದಾ?”

ಎಲ್ಲರೂ ನಕ್ಕರು. ಟೆಕ್ನೀಷಿಯನ್ ಮೋಹನ್, “ಹಬ್ಬದ ದಿನ ಯಾಕಣ್ಣ ಹಠ, ತಿರುಗಿಸ್ಬಿಡು,” ಎಂದ.

ಹಾಲೇಶ್ ಅಲಾರಂ ಪೆಟ್ಟಿಗೆಯ ಕೀಲಿ ತಿರುಗಿಸಿದ. ರಿಜಿಸ್ಟರಿನಲ್ಲಿ ಬರೆದ: “10.52. ಮ್ಯಾನೇಜರ್ ಅವರ ಬಾಯಿಮಾತಿನ ಆದೇಶದಂತೆ ಅಲಾರಂ ನಿಲ್ಲಿಸಲಾಗಿದೆ.”

ಪೂಜೆ ಮುಗಿದ ಮೇಲೆ ಅಲಾರಂ ಮತ್ತೆ ಚಾಲೂ ಮಾಡಲು ಹೋದರೆ ಕೀಲಿಯಿಲ್ಲ. ಮ್ಯಾನೇಜರು ಅದಕ್ಕೂ ಕುಂಕುಮ ಹಚ್ಚಿ, ಸ್ಪ್ಯಾನರುಗಳ ಜೊತೆ ತಮ್ಮ ಕೊಠಡಿಯ ದೇವರ ಪಟದ ಮುಂದಿಟ್ಟಿದ್ದರು.

“ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟಬಾರದು ಕಣೋ, ಅಷ್ಟೂ ಗೊತ್ತಿಲ್ವಾ?” ಎಂದು ಕೊಠಡಿಗೆ ಬೀಗ ಹಾಕಿ, ತರೀಕೆರೆಯ ಮನೆಗೆ ಕಾರು ಹತ್ತಿದರು. ಆ ಅಲಾರಂಗೆ ಇದ್ದದ್ದು ಅದೊಂದೇ ಕೀಲಿ.

12.20ಕ್ಕೆ ಹಾಲೇಶ್ ಫೋನ್ ಮಾಡಿದ. “ಎಲೆ ಮುಂದೆ ಕೂತಿದೀನಿ. ಪ್ರಾಣ ತಿನ್ಬೇಡ,” ಎಂಬ ಉತ್ತರ ಬಂತು. ಆಮೇಲಿನ ಮೂರು ಕರೆಗಳನ್ನು ಎತ್ತಲೇ ಇಲ್ಲ.

ಬೀಗ ಒಡೆಯಲೆಂದು ಹಾಲೇಶ್ ಸುತ್ತಿಗೆ ತಂದ. ಮೋಹನ್ ನಗುತ್ತ, “ಒಡಿ ಅಣ್ಣ, ಒಂದನೇ ತಾರೀಖು ಆರ್ಡರ್ ಬದಲು ಗೇಟ್ ತೋರಿಸ್ತಾರೆ,” ಎಂದ. ಹಾಲೇಶ್ ಸುತ್ತಿಗೆ ಕೆಳಗಿಟ್ಟ. ಇದು ಆತನ ತಪ್ಪು, ನಾನು ಮುಚ್ಚಿಡುವುದಿಲ್ಲ.

ಗಂಟೆಗೊಮ್ಮೆ ಕೂಲಿಂಗ್ ಯಂತ್ರಗಳ ಅಳತೆ ಬರೆಯಬೇಕು. ಮಹಡಿಗೆ ಹೋಗಿ, ಬರೆದು, 1.10ಕ್ಕೆ ಇಳಿದು ಬಂದಾಗ ಬ್ಯಾಟರಿ ಕೋಣೆ ಹೊಗೆಯಿಂದ ತುಂಬಿತ್ತು. ಪೂಜೆಯಲ್ಲಿ ಬ್ಯಾಟರಿಗಳಿಗೆ ಹಾಕಿದ್ದ ಒದ್ದೆ ಹಾರದ ನೀರು ಅವುಗಳ ಜೋಡಣೆಗಿಳಿದು ಕಿಡಿ ಹತ್ತಿತ್ತು. ಅಲಾರಂ ಕೂಗಲಿಲ್ಲ, ಗ್ಯಾಸ್ ಬರಲಿಲ್ಲ. ಹಾಲೇಶ್ ಒಬ್ಬನೇ ಒಳನುಗ್ಗಿ ಪುಡಿಯ ಸಿಲಿಂಡರಿನಿಂದ ಬೆಂಕಿ ಆರಿಸಿದ. ಒಂದು ಕಂಪ್ಯೂಟರೂ ನಿಲ್ಲಲಿಲ್ಲ. ಆತನ ಬಲಗೈ ಮೊಣಕೈವರೆಗೆ ಸುಟ್ಟಿತು.

ವಿಚಾರಣೆಯಲ್ಲಿ ಸುದರ್ಶನ ಅವರು ತಾವು ಯಾವ ಆದೇಶವನ್ನೂ ಕೊಟ್ಟಿಲ್ಲವೆಂದರು. ಮೋಹನ್ ತಾನು ಆಗ ತಿಂಡಿಗೆ ಹೋಗಿದ್ದೆನೆಂದ, ಪೂಜೆಯಲ್ಲಿದ್ದ ಉಳಿದವರೂ ಏನೂ ಕೇಳಿಲ್ಲವೆಂದರು. ಫೋನ್ ಕರೆಗಳ ಪಟ್ಟಿ ಕೊಟ್ಟೆವು. ಕರೆ ಹೋದದ್ದು ನಿಜ, ಆಡಿದ ಮಾತಿಗೆ ಸಾಕ್ಷಿಯೇನು ಎಂದು ವಿಚಾರಣೆಯವರು ಕೇಳಿದರು. ಕೊನೆಗೆ ಹಾಲೇಶ್ ರಿಜಿಸ್ಟರಿನಲ್ಲಿ ಬರೆದಿದ್ದ ಸಾಲನ್ನೇ ಹಿಡಿದರು: ಲಿಖಿತ ಆದೇಶವಿಲ್ಲದೆ ಅಲಾರಂ ನಿಲ್ಲಿಸಿದ್ದನ್ನು ನೌಕರನೇ ಒಪ್ಪಿಕೊಂಡಿದ್ದಾನೆ. ಸುಳ್ಳು ಬರೆದಿದ್ದರೆ, ಅಥವಾ ಏನನ್ನೂ ಬರೆಯದಿದ್ದರೆ, ಆತನನ್ನು ಹಿಡಿಯಲು ಅವರ ಬಳಿ ಏನೂ ಇರುತ್ತಿರಲಿಲ್ಲ.

ಅಕ್ಟೋಬರ್ ಮೂವತ್ತರಂದು ವಜಾಪತ್ರ ಕೊಡಲು ಕರೆಸಿದರು. ಜೊತೆಗೆ ನಾನೂ ಹೋಗಿದ್ದೆ. ತಲುಪಿದ್ದಕ್ಕೆ ಸಹಿ ಬೇಕಿತ್ತು. ಹಾಲೇಶ್ ಬ್ಯಾಂಡೇಜು ಸುತ್ತಿದ ಬಲಗೈಯಲ್ಲಿ ಪೆನ್ನು ಹಿಡಿಯಲು ಎರಡು ಸಲ ಪ್ರಯತ್ನಿಸಿದ. ಎರಡು ಸಲವೂ ಅದು ಜಾರಿ ಬಿತ್ತು.

“ಬಿಡಪ್ಪಾ, ಯಾಕ್ ಕಷ್ಟ,” ಎಂದು ಸುದರ್ಶನ ಅವರು ಇಂಕ್ ಪ್ಯಾಡ್ ಮುಂದೆ ತಳ್ಳಿದರು. “ಎಡಗೈ ಹೆಬ್ಬೆಟ್ಟು ಒತ್ತು, ಸಾಕು.”

ಹಾಲೇಶ್ ಒತ್ತಿದ. ಕಾಗದ ಅಲುಗದಂತೆ ಹಿಡಿದುಕೊಂಡಿದ್ದವನು ಮೋಹನ್.