ಕಾಡಿನಲ್ಲಿ ಕುಳಿತ ವೈದ್ಯೆ

ಭಾಲ್ಕಿಯಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ನರ್ಸ್ ಯಾರನ್ನು ಮುಟ್ಟುವ ಮೊದಲೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಮಾತಿಗೊಮ್ಮೆ "ಗಡಬಡ ಯಾಕ?" ಎನ್ನುತ್ತಿದ್ದರು.

ಆಗ ನಾನು ಮಾಯಾಲೋಕದ ವಿಡಿಯೋ ಗೇಮೊಂದಕ್ಕೆ ವೈದ್ಯೆಯ ಪಾತ್ರ ರೂಪಿಸುತ್ತಿದ್ದೆ. ಯಾವ ಹಂತದಲ್ಲಿ ಅವಳಿಗೆ ಯಾವ ಶಕ್ತಿ ಬರಬೇಕೆಂದು ನಿರ್ಧರಿಸುವುದು ನನ್ನ ಕೆಲಸ. ಆಡಿ ನೋಡಿದವರೆಲ್ಲ ಬೇಸರವೆಂದಿದ್ದರು. ವಾರದೊಳಗೆ ಸರಿಪಡಿಸದಿದ್ದರೆ ಕಂಪನಿಯವರು ಪಾತ್ರವನ್ನೇ ತೆಗೆಯುವವರಿದ್ದರು. ದಾರಿ ಕಾಣದೆ ಲ್ಯಾಪ್‌ಟಾಪನ್ನು ಪಕ್ಕದ ಮನೆಯ ಆ ನರ್ಸ್ ಮುಂದಿಟ್ಟೆ.

ತೆರೆಯ ಮೇಲೆ ನೀಲಿ ಮಂಜಿನ ಕಾಡು. ಮರದಡಿ ಗಾಯಗೊಂಡ ಸೈನಿಕನೊಬ್ಬ ಮಲಗಿದ್ದ. ಅವರು ವೈದ್ಯೆಯನ್ನು ಅವನ ಪಕ್ಕ ಕೂರಿಸಿದರು, ಎಬ್ಬಿಸಲೇ ಇಲ್ಲ. ಎಲೆಗಳು ನಿಧಾನವಾಗಿ ಉದುರುತ್ತಿದ್ದವು. ಕಿಟಕಿಯ ಬಿಸಿಲು ಗೋಡೆ ದಾಟಿತು.

"ಮುಂದ ಹೋಗ್ರಿ ಆಂಟಿ. ರಾಕ್ಷಸರಿಗಿ ಹೊಡದ್ರ ಹಂತ ಏರ್ತದರಿ."

"ಹೊಡದ್ರ ಗಾಯ ಕಟ್ಟೋದು ಬರ್ತದೇನವ್ವಾ? ಯಾವ ಸಾಲ್ಯಾಗ ಕಲಿಸ್ಯಾರ ನಿನಗ? ಇವಂಗ ಇನ್ನಾ ಎಚ್ಚರ ಆಗಿಲ್ಲ."

ಅವನಿಗೆ ಎಚ್ಚರವಾಗುವುದೇ ಇರಲಿಲ್ಲ. ಅವನನ್ನು ನಾನು ಕಾಡಿನ ಅಂದಕ್ಕೆಂದು ಇಟ್ಟಿದ್ದೆ.

ಮರುದಿನ ಹಂತಗಳನ್ನೆಲ್ಲ ಅಳಿಸಿ ಬರೆದೆ. ಗಾಯಾಳುವಿನ ಬಳಿ ಕುಳಿತಷ್ಟು ಹೊತ್ತೂ ವೈದ್ಯೆಯ ಶಕ್ತಿ ಬೆಳೆಯುವಂತೆ, ಕೊನೆಗೆ ಆ ಸೈನಿಕನಿಗೆ ಎಚ್ಚರವಾಗುವಂತೆ ಮಾಡಿದೆ. ಪಾತ್ರ ಉಳಿಯಿತು.

ಸೈನಿಕ ಕಣ್ಣು ತೆರೆದದ್ದನ್ನು ತೋರಿಸಿದಾಗ ಅವರು ತೆರೆಗೆ ಮುಖ ಹತ್ತಿರ ತಂದರು.

"ಹಸದಿರ್ತಾನ. ತಿನ್ಲಾಕ ಏನರ ಇಟ್ಟಿದಿ?"

ಇಟ್ಟಿರಲಿಲ್ಲ.