ಹುಣಸೆಹಣ್ಣಿನಲ್ಲಿ ತಿಕ್ಕಿದ ಗುಂಡಿನ ಸರ

ಮೊನ್ನೆ ಕೆಲಸದ ಹುಡುಗಿ ಹಿತ್ತಲಲ್ಲಿ ಕೂತು ಹಿತ್ತಾಳೆ ಕೊಡ ತಿಕ್ಕುತ್ತಿದ್ದಳು. ಹುಣಸೆಹಣ್ಣು, ಉಪ್ಪು, ಒಂದಿಷ್ಟು ತೆಂಗಿನ ನಾರು. ಕೊಡ ಒಳಗಿಡೋಣವೆಂದು ಎತ್ತಿಕೊಂಡೆ. ಆಮೇಲೆ ಕೈ ಮೂಸಿ ನೋಡಿಕೊಂಡರೆ ಮೊದಲು ಹುಳಿ, ಅದರ ಬೆನ್ನಿಗೇ ಬೆವರಿನಂಥ, ನೆತ್ತರಿನಂಥ ಲೋಹದ ವಾಸನೆ. ನನ್ನ ಮುಖ ಬಿಸಿಯಾಯಿತು. ಪಾರ್ವತಿನಗರದ ನನ್ನ ಸ್ವಂತ ಮನೆಯ ಹಿತ್ತಲಲ್ಲಿ, ನೋಡುವವರು ಯಾರೂ ಇಲ್ಲದ ಕಡೆ, ಕೊರಳ ಮೇಲೆ ಸೆರಗು ಎಳೆದುಕೊಂಡೆ.

ಬಂಗಾರಕ್ಕೆ ವಾಸನೆ ಇರುವುದಿಲ್ಲ. ಹಿತ್ತಾಳೆಗೆ ಇರುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ಕೊರಳಿನಿಂದ ಕಲಿತೆ. ಕಲಿಸಿದ್ದು ಮಗ್ಗುಲಮನೆ ಚಿಗವ್ವ... ಕಲಿಸಬೇಕೆಂದು ಆಕೆ ಕಲಿಸಿದ್ದಲ್ಲ.

ಕುರುಗೋಡಿನಲ್ಲಿ ನಮ್ಮ ಮನೆಗೂ ಆಕೆಯ ಮನೆಗೂ ಒಂದೇ ಗೋಡೆ. ರಕ್ತಸಂಬಂಧ ಏನೂ ಇರಲಿಲ್ಲ. ಹುಟ್ಟಿದಾಗಿನಿಂದ ಚಿಗವ್ವ ಎಂದೇ ಕರೆದಿದ್ದು. ನಮ್ಮವ್ವ ಕಡಿಮೆ ಮಾತಿನಾಕೆ, ಚಿಗವ್ವ ಇಬ್ಬರ ಪಾಲಿನದನ್ನೂ ಆಡುವಾಕೆ. ಆಕೆಯ ಗಂಡ, ನಾನು ಕಾಕಾ ಎಂದು ಕರೆಯುತ್ತಿದ್ದವನು, ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತ, ವಾರಕ್ಕೊಮ್ಮೆ ಬಳ್ಳಾರಿಗೆ ಹೋಗಿ ಬರುತ್ತಿದ್ದ. ಮೆತ್ತಗಿನ ಮನುಷ್ಯ. ಓಣಿಯಲ್ಲಿ ಅವನ ದನಿ ಕೇಳಿದವರು ಕಡಿಮೆ. ಅವರಿಗೆ ಎರಡು ಹೆಣ್ಣುಮಕ್ಕಳು, ಆಗ ಇಬ್ಬರೂ ಸಣ್ಣವರು.

ಆ ಓಣಿಯಲ್ಲಿ ಒಂದೊಂದು ಲೋಹಕ್ಕೆ ಒಂದೊಂದು ಜಾಗ. ಕಾಲಿಗೆ ಬೆಳ್ಳಿ. ಬಂಗಾರವನ್ನು ಸೊಂಟದ ಕೆಳಗೆ ಯಾರೂ ಹಾಕುತ್ತಿರಲಿಲ್ಲ, ಹಾಕುವಷ್ಟು ಯಾರ ಮನೆಯಲ್ಲೂ ಇರಲೂ ಇಲ್ಲ ಬಿಡಿ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಬೇಸಿಗೆ ಬೆವರಿಗೆ ಅದು ಕರ್ರಗಾಗುತ್ತಿತ್ತು, ಸೋಮವಾರ ವಿಭೂತಿ ಹಾಕಿ ತಿಕ್ಕಿದರೆ ಮತ್ತೆ ಬೆಳ್ಳಗೆ. ಬೆಳ್ಳಿ ಕಪ್ಪಾಯಿತೆಂದು ಯಾರೂ ಅದನ್ನು ಅನುಮಾನಿಸುತ್ತಿರಲಿಲ್ಲ, ಅದರ ಗುಣವೇ ಅದು. ತಾಮ್ರ, ಹಿತ್ತಾಳೆ ಅಡುಗೆಮನೆಯವು. ಅವು ಕಿಲುಬು ಹಿಡಿಯುವಂಥವು, ಹುಳಿ ಹಾಕಿ ತಿಕ್ಕಿಸಿಕೊಳ್ಳುವಂಥವು. ಬಂಗಾರ ಮಾತ್ರ ಪೆಟ್ಟಿಗೆಯಲ್ಲಿ ಎಷ್ಟು ವರ್ಷ ಬಿದ್ದಿದ್ದರೂ ಇಟ್ಟ ದಿನ ಇದ್ದ ಹಾಗೇ ಇರುತ್ತದೆ. ಅಂಟುವಾಳದ ನೊರೆಯಲ್ಲಿ ಒಮ್ಮೆ ಅದ್ದಿ ತೆಗೆದರೆ ಮುಗಿಯಿತು. ಇಷ್ಟು ನಮ್ಮ ಓಣಿಯ ಸಣ್ಣ ಹುಡುಗಿಯರಿಗೂ ಗೊತ್ತಿತ್ತು.

ಚಿಗವ್ವನಿಗೆ ಬಾದನಹಟ್ಟಿಯ ತವರಿನಿಂದ ಬಂದ ಒಂದು ಗುಂಡಿನ ಸರ ಇತ್ತು. ಬಂಗಾರದ ತಗಡನ್ನು ತೆಳ್ಳಗೆ ಬಡಿದು, ಗುಂಡು ಮಾಡಿ, ಒಳಗೆ ಅರಗು ತುಂಬಿದ್ದು. ಅಪ್ಪಟ ಬಂಗಾರ ಮೆತ್ತಗಿರುತ್ತದಲ್ಲ, ಅರಗು ಇಲ್ಲದಿದ್ದರೆ ಗುಂಡು ಚಪ್ಪಟೆಯಾಗುತ್ತದೆ. ನೋಡಲು ದಪ್ಪ, ಕೊರಳಿಗೆ ಹಗುರ. ಓಣಿಯಲ್ಲಿ ಯಾವ ಹುಡುಗಿಯನ್ನು ನೋಡಲು ಬಂದರೂ ಆ ಸರ ಆ ಮನೆಗೆ ಹೋಗುತ್ತಿತ್ತು. ಅದನ್ನು ಒಂಟಿಯಾಗಿ ಕಳಿಸುವ ಪದ್ಧತಿ ಇರಲಿಲ್ಲ. ಒಡತಿ ತಾನೇ ತಂದು, ಹುಡುಗಿಗೆ ಕುಂಕುಮ ಹಚ್ಚಿ, ಕೊರಳಿಗೆ ಹಾಕಿ, ಬಂದವರು ಎದ್ದುಹೋಗುವ ತನಕ ಬಾಗಿಲ ಪಕ್ಕ ಕೂತಿದ್ದು, ಹೋಗುವಾಗ ತನ್ನ ಕೊರಳಿಗೆ ಹಾಕಿಕೊಂಡು ಹೋಗುವಳು. ನಮ್ಮ ಓಣಿಯ ಎಷ್ಟೋ ಹುಡುಗಿಯರು ಆ ಸರದಲ್ಲೇ ಒಪ್ಪಿತವಾಗಿ ಗಂಡನ ಮನೆ ಸೇರಿದ್ದರು. ಚಿಗವ್ವ ಅವರನ್ನೆಲ್ಲ ‘ನನ್ನ ಸರದ ಸೊಸೆಂದ್ರು’ ಎಂದು ಎಣಿಸಿ ನಗುತ್ತಿದ್ದಳು. ಆಮೇಲೆ ಒಂದೆರಡು ವರ್ಷ ನೋಡುವ ವಯಸ್ಸಿನ ಹುಡುಗಿ ಯಾರೂ ಇರಲಿಲ್ಲ. ಸರ ಪೆಟ್ಟಿಗೆಯಲ್ಲೇ ಉಳಿಯಿತು.

ಆಮೇಲೆ ನನ್ನ ಸರದಿ ಬಂತು.

ನಾನು ಬಳ್ಳಾರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಅಪ್ಪ ಹೆಬ್ಬೆಟ್ಟು ಒತ್ತುವವನು. ನಮ್ಮ ಮನೆಯಲ್ಲಿ ಅಷ್ಟು ಓದಿದವರು ಗಂಡಸರಲ್ಲೂ ಇರಲಿಲ್ಲ. ನನಗೆ ಕಾಲೇಜು ಸೇರುವ ಆಸೆ. ‘ಸಿರುಗುಪ್ಪದವ್ರು ಬಂದು ನೋಡಿ ಹೋಗ್ಲಿ, ಆಮ್ಯಾಲೆ ಮಾತಾಡೂಣು’ ಎಂದಿದ್ದ ಅಪ್ಪ. ಸಿರುಗುಪ್ಪದವರು ಭತ್ತ ಬೆಳೆಯುವ ಕುಳ, ಓದಿದ ಹುಡುಗಿಯೇ ಬೇಕೆಂದು ಕೇಳಿಕೊಂಡು ಬರುತ್ತಿದ್ದವರು. ಅಪ್ಪನಿಗೆ ಅದು ಸಣ್ಣ ಮಾತಾಗಿರಲಿಲ್ಲ.

ಬೆಳಿಗ್ಗೆ ಚಿಗವ್ವ ಸರ ತಂದಳು. ಅಂಟುವಾಳದಲ್ಲಿ ಅದ್ದಿದ್ದಳಂತೆ, ಆದರೂ ಮಂಕು.

‘ಪೆಟಗ್ಯಾಗ ಇಟ್ಟು ಇಟ್ಟು ನನ್ನಂಗ ಮುದಿಯಾಗೇತಿ ನೋಡಬೇ’ ಎಂದಳು.

ಅವತ್ತು ನಮ್ಮವ್ವ ಅಂಗಳದಲ್ಲಿ ಕೂತು ಇದ್ದಬದ್ದ ಕೊಡ, ಚೆಂಬು, ತಟ್ಟೆ ಎಲ್ಲ ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದಳು. ‘ಇಲ್ಲಿ ಕೊಡು’ ಎಂದು ಸರ ಇಸಿದುಕೊಂಡು, ಅದೇ ಹುಳಿಯಲ್ಲಿ, ಅದೇ ಕೈಯಲ್ಲಿ, ನಾಲ್ಕು ಸಲ ತಿಕ್ಕಿದಳು. ಸರ ಕಳಸದ ಹಾಗೆ ಹೊಳೆಯಿತು. ಮೂವರೂ ಹಿಗ್ಗಿದೆವು. ಬಂಗಾರಕ್ಕೆ ಹುಣಸೆಹಣ್ಣು ಯಾಕೆ ಬೇಕಾಯಿತು ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೆಲಸದ ಅವಸರ, ಎದುರಿಗೆ ಹೊಳೆಯುವ ಕೊಡಗಳು... ಏನೋ.

ಕೊರಳಿಗೆ ಹಾಕುತ್ತ ಚಿಗವ್ವ ಕಿವಿಯಲ್ಲಿ ಹೇಳಿದಳು: ‘ಬಂದವ್ರು ಸರಾನ ಮೆಚ್ಚಿಗೊಂಡ್ರ ಏನ್ ಮಾಡ್ತಿ? ಸರ ತಗೊಂಡು ಹೋಗ್ರಿ, ಹುಡುಗಿ ಕಾಲೇಜಿಗೆ ಹೋಗ್ತಾಳ ಅಂತೀನಿ ನೋಡು.’

‘ಸುಮ್ಮನಿರಬೇ’ ಎಂದೆ. ನನ್ನ ಆಸೆ ಆಕೆಗೆ ಗೊತ್ತಿತ್ತು.

ಮಧ್ಯಾಹ್ನ ಬಂದರು. ಹುಡುಗ, ಅವನ ಅಪ್ಪ, ಅವನ ಅಜ್ಜಿ. ಬಳ್ಳಾರಿ ಸೀಮೆಯ ಬೇಸಿಗೆ, ಒಂದೇ ಕಿಟಕಿಯ ಪಡಸಾಲೆ. ಮೈಯೆಲ್ಲ ನೀರಾಗಿ ಕೂತಿದ್ದೆ. ಹುಡುಗನ ಅಪ್ಪ ಹಳೆಯ ಪತ್ರಿಕೆಯೊಂದನ್ನು ಕೊಟ್ಟು ಓದಿಸಿದರು. ಗಟ್ಟಿಯಾಗಿ, ಎಡವದೆ ಓದಿದೆ. ಅಪ್ಪನ ಮುಖ ಅರಳಿದ್ದು ಕಣ್ಣಂಚಿನಲ್ಲೇ ಕಂಡಿತು. ಅಜ್ಜಿ ಮಾತ್ರ ಓದು ಕೇಳುತ್ತಿರಲಿಲ್ಲ. ‘ಇಲ್ಲಿ ಬಾರವ್ವಾ, ಹತ್ರ’ ಎಂದು ಕರೆದು, ಎರಡು ಬೆರಳಲ್ಲಿ ಒಂದು ಗುಂಡು ಎತ್ತಿ ತೂಗಿದಳು.

‘ಅರಗಿನ ಗುಂಡು ಇಷ್ಟು ವಜ್ಜ ಇರ್ತಾವೇನು?’

ಅಜ್ಜಿ ಸರವನ್ನು ಮೇಲಕ್ಕೆತ್ತಿದಳು. ಎತ್ತಿದವಳು ಹಾಗೇ ನನ್ನ ಕೊರಳು ನೋಡಿದಳು.

‘ಇದೇಮಮ್ಮಾ ಇದಿ!’ ಗಾಬರಿಯಲ್ಲಿ ಆಕೆಗೆ ತೆಲುಗು ಬಂದಿತ್ತು. ಆಮೇಲೆ ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ: ‘ಹುಡುಗಿ ಕೊಳ್ಳಾಗ ಕಿಲುಬು ಹತ್ತೇತಲ್ರೀ! ಪೇಪರು ಓದ್ತಾಳ, ಹಿತ್ತಾಳಿ ಹಾಕ್ಕೊಂತಾಳ. ನಾವೇನು ಭತ್ತದ ಜೋಡಿ ಬುದ್ಧೀನೂ ಮಾರಿ ಬಂದೀವಿ ಅಂತ ತಿಳದೀರೇನು?’

ನಾನು ಕೈಯಿಂದ ಕೊರಳು ಒರೆಸಿಕೊಂಡೆ. ಬೆರಳು ಹಸಿರಾಯಿತು. ಆ ಹುಡುಗ ಅದನ್ನು ನೋಡಿ, ಬೇರೆ ಕಡೆ ತಿರುಗಿದ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಪಾಪ ಎನ್ನುವ ಹಾಗೆ ಮುಖ ತಿರುಗಿಸಿದನಲ್ಲ, ಅದನ್ನು ಇವತ್ತಿಗೂ ನೆನೆಯಲಾರೆ. ಅಪ್ಪ ಎದ್ದು ನಿಂತಿದ್ದ, ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಎರಡೂ ಕೈ ಅರ್ಧಕ್ಕೇ ನಿಂತಿದ್ದವು.

ಬಾಗಿಲ ಪಕ್ಕದಲ್ಲಿದ್ದ ಚಿಗವ್ವ ಆಗ ತನ್ನ ಗಂಡನ ಕಡೆ ನೋಡಿದಳು. ಅವನು ಗಂಡಸರ ಸಾಲಿನ ಕೊನೆಯಲ್ಲಿ ಕೂತಿದ್ದ. ಎಲೆಗೆ ಸುಣ್ಣ ಹಚ್ಚುತ್ತಿದ್ದವನು, ಹಚ್ಚಿದ ಎಲೆಗೇ ಮತ್ತೆ ಮತ್ತೆ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ. ಚಿಗವ್ವ ಅವನನ್ನು ನೋಡಿದ್ದು ಒಂದು ಗಳಿಗೆ. ಆ ಗಳಿಗೆಯಲ್ಲಿ ಆಕೆಗೆ ಎಲ್ಲ ತಿಳಿದುಹೋಯಿತು. ನನಗೂ ತಿಳಿಯಿತು.

ಎದ್ದು ಪಡಸಾಲೆ ನಡುವೆ ಬಂದಳು. ಸೆರಗು ಸರಿಮಾಡಿಕೊಂಡಳು.

‘ಸರ ನಂದೈತ್ರಿ. ಹಿತ್ತಾಳಿದು ಅಂತ ಗೊತ್ತಿದ್ದಽ ಹಾಕೀನಿ. ಈ ಮನಿಯವ್ರಿಗೆ ಏನೂ ಗೊತ್ತಿಲ್ರಿ, ಇವ್ರನ್ನ ಅನಬ್ಯಾಡ್ರಿ. ಬಂಗಾರದ್ದು ಮನಿಯಾಗ ಐತಿ. ಕೊಡಾಕ ಮನಸಾಗ್ಲಿಲ್ಲ... ಅದರಂಗ ಇದೊಂದು ಮಾಡ್ಸಿಟ್ಟಿದ್ದೆ.’

‘ಎಂಥಾಕಿಬೇ ನೀನು!’ ಎಂದಳು ಅಜ್ಜಿ.

‘ಹಿಂತಾಕಿನಽ ಅದೀನಿ’ ಎಂದಳು ಚಿಗವ್ವ.

ಸಿರುಗುಪ್ಪದವರು ಉಪ್ಪಿಟ್ಟು ಮುಟ್ಟದೆ ಬಂಡಿ ಹತ್ತಿದರು. ಅವರು ಹೋದ ಮೇಲೆ ಚಿಗವ್ವ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಕೊರಳು ತೊಳೆದಳು. ಚೆಂಬು ಹಂಡೆಗೆ ತಾಗಿ ತಾಗಿ ಸದ್ದಾಗುತ್ತಿತ್ತು.

‘ಚಿಗವ್ವಾ, ಸರ ಕಾಕಾನಽ ಬಳ್ಳಾರಿಗೆ ಒಯ್ದು...’ ಎಂದೆ.

‘ಬಾಯಿ ಮುಚ್ಚು.’ ನನ್ನ ಕರಡಿಗೆಯನ್ನು ಹಿಡಿದು ನನ್ನ ಕೈಗೆ ಒತ್ತಿದಳು. ‘ಲಿಂಗ ಮುಟ್ಟಿ ಹೇಳು, ಯಾರಿಗೂ ಅನ್ನಂಗಿಲ್ಲ ಅಂತ. ಎರಡು ಹೆಣ್ಣು ಅದಾವ ನನಗ. ಕಳ್ಳನ ಮಕ್ಕಳು ಅಂದ್ರ ಯಾರು ಮಾಡ್ಕೊಂತಾರ? ಬಿಗಿಕೈಯಾಕಿ ಮಕ್ಕಳು ಅಂದ್ರ ನಕ್ಕು ಸುಮ್ಮನಾಗ್ತಾರ.’

ಮುಟ್ಟಿ ಹೇಳಿದೆ.

ಆಕೆ ಎಣಿಸಿದಂತೆ ಜನ ನಕ್ಕು ಸುಮ್ಮನಾಗಲಿಲ್ಲ. ಓಣಿಯಲ್ಲಿ ಆ ಸರ ಹಾಕಿಕೊಂಡು ಒಪ್ಪಿತವಾಗಿದ್ದ ಹುಡುಗಿಯರ ತಾಯಂದಿರೆಲ್ಲ ಬಂದು ಕೇಳಿದರು, ‘ನಮ್ಮಾಕಿಗೂ ಹಿತ್ತಾಳಿನಽ ಹಾಕಿದ್ದೇನು?’ ಬೀಗರ ಮನೆಯಲ್ಲಿ ಅವರ ಮಕ್ಕಳಿಗೆ ಅದೇ ಮಾತಿನ ಚುಚ್ಚು. ಚಿಗವ್ವ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಏನಂದರೂ ಮುಂದಿನ ಪ್ರಶ್ನೆ ಬರುತ್ತಿತ್ತು, ‘ಹಂಗಾದ್ರ ಬಂಗಾರದ್ದು ತೋರ್ಸು.’ ಮದುವೆ, ಸೀಮಂತಗಳಿಗೆ ಆಕೆ ಬರಿಯ ತಾಳಿಯಲ್ಲಿ ಬರುತ್ತಿದ್ದಳು. ‘ಬಂಗಾರ ಸವೀತತಿ ಅಂತ ಇಟ್ಟು ಬಂದಾಳ’ ಎಂದು ಹಿಂದಿನಿಂದ ನಗುತ್ತಿದ್ದರು. ಎಲ್ಲರ ಮನೆಯ ಹುಡುಗಿಯರಿಗೆ ಕುಂಕುಮ ಹಚ್ಚುತ್ತಿದ್ದಾಕೆಯನ್ನು ಆಮೇಲೆ ಯಾರೂ ಅದಕ್ಕೆ ಕರೆಯಲಿಲ್ಲ. ಮಾತು ಕಡಿಮೆಯಾಯಿತು. ಸಂಜೆ ಹೊತ್ತು ನಮ್ಮವ್ವನೂ ಆಕೆಯೂ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಅವ್ವನಿಗೆ ಗೊತ್ತಿತ್ತೋ ಏನೋ... ಕೇಳಲಿಲ್ಲ ನಾನು.

ಮತ್ತೆ ನನ್ನ ನೋಡಲು ಯಾರೂ ಬರಲಿಲ್ಲ. ಅದರಿಂದಲೇ ಅಪ್ಪ ‘ಹೋಗು, ಓದು’ ಎಂದ. ಇಂಟರ್ ಬಳ್ಳಾರಿಯಲ್ಲಿ ಓದಿದೆ, ಡಿಗ್ರಿಗೆ ಅನಂತಪುರಕ್ಕೆ ಹೋದೆ. ಒಂದು ಸೀರೆ ಉಟ್ಟು ಇನ್ನೊಂದು ಒಣಗಿಸಿ ಓದಿದೆ. ನನ್ನ ಪದವಿ ನನಗೆ ಯಾರೂ ದಾನ ಕೊಟ್ಟದ್ದಲ್ಲ, ಅದರ ಹೆಮ್ಮೆ ನನಗೆ ಇವತ್ತಿಗೂ ಇದೆ. ಆದರೆ ಅದರ ಬಾಗಿಲು ತೆರೆದದ್ದು ಯಾವ ದಿನ ಎಂದು ನೆನೆದರೆ ತಲೆ ತಗ್ಗುತ್ತದೆ. ನಾನು ಬೇಡಿದ್ದೇ ನನಗೆ ಸಿಕ್ಕಿತು. ಬಂಡಿ ತಿರುಗಿ ಹೋದಾಗ, ಅಷ್ಟು ಅವಮಾನದ ಒಳಗೂ, ಎದೆಯ ಯಾವುದೋ ಮೂಲೆಯಲ್ಲಿ ಹಗುರವಾಗಿತ್ತು...

ಇಂಟರಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಆಮ್ಲ ತಾಮ್ರದ ಕಿಲುಬನ್ನು ತಿನ್ನುವುದನ್ನೂ ಬಂಗಾರದ ತಂಟೆಗೇ ಹೋಗದಿರುವುದನ್ನೂ ವಿವರಿಸಿದರು. ಹಿತ್ತಾಳೆಯಲ್ಲೂ ತಾಮ್ರವೇ ಹೆಚ್ಚು. ಗುಂಡಿನ ಸಂದಿಯಲ್ಲಿ ಉಳಿದ ಹುಳಿ, ಮೇಲೆ ನನ್ನ ಬೆವರು. ಗಿಲೀಟಿನ ಕೊನೆಯ ಪೊರೆ ಅವ್ವನ ಕೈಯಲ್ಲೇ ಹೋಗಿತ್ತು. ಇದ್ದ ಹುಡುಗಿಯರಲ್ಲಿ ನಾನೊಬ್ಬಳೇ ಪಾಠ ಬರೆದುಕೊಳ್ಳಲಿಲ್ಲ. ಡಿಗ್ರಿ ಮುಗಿಸಿ ಊರಿಗೆ ಹೋದಾಗ ಇದನ್ನು ಚಿಗವ್ವನಿಗೆ ಹೇಳಿದೆ. ನನ್ನ ಬಾಯಿಗೆ ಸಕ್ಕರೆ ಹಾಕುತ್ತಿದ್ದ ಆಕೆ ಕೈ ನಿಲ್ಲಿಸಿ ಕೇಳಿದಳು.

‘ಅಂದ್ರ ಅವತ್ತು ಮುಂಜೇಲೆನಽ ನಮಗ ಗೊತ್ತಾಗಬೇಕಿತ್ತಲ್ಲಬೇ!’ ಎಂದು ಎಷ್ಟೋ ವರ್ಷದ ಮೇಲೆ ಜೋರಾಗಿ ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ‘ಈಗಾದರೂ ಹೇಳಲೇನು?’ ಎಂದೆ. ನನ್ನ ಕರಡಿಗೆಯ ಕಡೆ ಬೆರಳು ಮಾಡಿದಳು. ದೊಡ್ಡ ಮಗಳ ಮಾತುಕತೆ ನಡೆದಿತ್ತು.

ಹೆಣ್ಣುಮಕ್ಕಳಿಬ್ಬರಿಗೂ ಒಳ್ಳೆಯ ಮನೆಗಳೇ ಸಿಕ್ಕವು. ಆಮೇಲೆ ಚಿಗವ್ವ ಹೋದಳು. ಕಾಕಾನೂ ಹೋದ.

ಹೋದ ವರ್ಷ ಚಿಗವ್ವನ ಕಿರಿಮಗಳು ತನ್ನ ಮೊಮ್ಮಗನ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದಿದ್ದಳು. ಆಕೆಗೂ ತಲೆ ಪೂರ್ತಿ ನರೆತಿದೆ. ಕಾಫಿ ಕುಡಿಯುತ್ತ ಹಳೆಯದೆಲ್ಲ ಮಾತಾಡಿದೆವು.

‘ಅಪ್ಪ ದೇವ್ರಂಥಾ ಮನಶ್ಯಾ. ನಮ್ಮವ್ವನಂಥಾ ಬಿಗಿಕೈಯಾಕಿನ್ನ ಕಟ್ಟಿಗೊಂಡು ಒಂದಿನ ಎತ್ತಿ ಮಾತಾಡಿದಾವಲ್ಲ’ ಎಂದಳು. ಆಮೇಲೆ ದನಿ ತಗ್ಗಿಸಿದಳು. ‘ಆಕಿ ಹ್ವಾದ ಮ್ಯಾಲೆ ಒಲಿ ಕಿತ್ತಿ ನೋಡಿದ್ವಿ, ಬಚ್ಚಲಗಲ್ಲು ಎಬ್ಬಿಸಿ ನೋಡಿದ್ವಿ. ಸರ ಸಿಗಲೇ ಇಲ್ಲಬೇ ಅಕ್ಕಾ. ನಿನ್ನ ಮ್ಯಾಲೆ ಆಕಿಗೆ ಭಾಳ ಜೀವ ಇತ್ತು. ನಿನಗೇನರ ಹೇಳಿದ್ಲೇನು, ಎಲ್ಲಿಟ್ಟೀನಿ ಅಂತ?’

ಬಾಯಿಗೆ ಬಂದಿತ್ತು. ಮಗಳಿಗೆ ತಾಯಿಯನ್ನು ಕೊಡಬೇಕೆಂದರೆ ತಂದೆಯನ್ನು ಕಿತ್ತುಕೊಳ್ಳಬೇಕು. ‘ಇಲ್ಲವ್ವಾ, ಏನೂ ಹೇಳಲಿಲ್ಲ’ ಎಂದೆ.

‘ಹೌದಾ...’ ಎಂದಳು. ಆಕೆಯ ಕಣ್ಣು ನನ್ನ ಕೊರಳ ಮೇಲಿತ್ತು. ನನ್ನ ಸಂಬಳದಲ್ಲಿ ನಾನು ಮಾಡಿಸಿಕೊಂಡ ಬಂಗಾರದ ಎಳೆ ಅಲ್ಲಿತ್ತು. ಹೋಗುವ ತನಕ ಆ ಕಣ್ಣು ಅಲ್ಲಿಂದ ಕದಲಲಿಲ್ಲ.

ಚಿಗವ್ವ ಈಗ ಎಲ್ಲಿಯೂ ಇಲ್ಲ. ಆಕೆ ನಿಜಕ್ಕೂ ಎಂಥವಳೆಂದು ತಿಳಿದವಳು ನಾನೊಬ್ಬಳು ಉಳಿದಿದ್ದೇನೆ, ನನ್ನ ಹಿಂದೆ ಅದೂ ಹೋಗುತ್ತದೆ. ಅದಕ್ಕೇ ಹೆಸರು ಹಾಕದೆ ಇಷ್ಟನ್ನು ಬರೆದೆ. ಬರೆಯುವ ಧೈರ್ಯ ಎಲ್ಲಿಂದ ಬಂತೆಂದು ಕೇಳಿದರೆ ಅದನ್ನೂ ಮುಚ್ಚಿಡುವುದಿಲ್ಲ. ಆ ಮಗಳಿಗೆ ಓದು ಬರುವುದಿಲ್ಲ. ಹಿತ್ತಾಳೆಯಾಕೆಯ ಮಕ್ಕಳೆಂದು ಸಾಲೆಯಲ್ಲಿ ಕಾಡಿದರೆಂದು ಇಬ್ಬರೂ ಅಕ್ಷರ ಕೂಡುವ ಮೊದಲೇ ಬಿಟ್ಟು ಬಂದಿದ್ದರು.