ಹೂ ಯಾವ ಕಡೆ ಬಿತ್ತು

ತ್ಯಾಗರಾಜರ ಕೆಲಸ ಹೋಗಿ ಅಂದಿಗೆ ನಲವತ್ತೊಂದು ದಿನ. ಹರ್ನ್‌ಡನ್ನಿನ ನನ್ನ ದಿನಸಿ ಅಂಗಡಿಗೆ ಬರುವವರಿಗೆಲ್ಲ ಈ ನಿಯಮ ಬಾಯಿಪಾಠ: ವೀಸಾದ ಮೇಲಿರುವವರಿಗೆ ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಅವರು ದಿನಾ ಮಧ್ಯಾಹ್ನ ಬಂದು ಅಕ್ಕಿ ಚೀಲಗಳ ಪಕ್ಕ ಸ್ಟೂಲಿನ ಮೇಲೆ ಕೂತು ಒಂದೇ ಕಾದಂಬರಿ ಓದುತ್ತಿದ್ದರು. ಕೊಳ್ಳುವುದು ಒಂದು ಕಟ್ಟು ಕೊತ್ತಂಬರಿ. ಮೈಸೂರಿನವರು, ಅಷ್ಟಕ್ಕೂ ಥ್ಯಾಂಕ್ಸ್ ಹೇಳುತ್ತಾರೆ.

“ಏನ್ರೀ ಐತಿ ಅದರಾಗ?” ಎಂದೆ.

“ಯಾವುದೋ ಗ್ರಹ, ಬಸಲಿಂಗಪ್ಪನವರೇ. ಅಲ್ಲಿ ದೇವರು ಒಂದು ಯಂತ್ರ. ಕೇಳೋಕ್ಕೆ ಮುಂಚೆನೇ ಉತ್ತರ ಕೊಡತ್ತೆ. ಪ್ರತಿ ಚಾಪ್ಟರ್ ಎರಡು ಸಲ ಬರತ್ತೆ. ಒಂದ್ರಲ್ಲಿ ಹೀರೋ ದೇವರ ಮಾತು ಕೇಳ್ತಾನೆ, ಇನ್ನೊಂದ್ರಲ್ಲಿ ಕೇಳಲ್ಲ. ಎರಡಕ್ಕೂ ಕೊನೇ ಸಾಲು ಒಂದೇ.”

“ಒಂದ ಮಾಲು, ಎರಡು ಪ್ಯಾಕೆಟ್. ನಾವೂ ಮಾಡ್ತೀವ್ರಿ.”

ಅವರು ನಗಲಿಲ್ಲ. ಕಾರಿನಲ್ಲಿ ಆರೇಳು ಗಂಟೆ ದೂರದ ಷಾರ್ಲಟ್‌ನಲ್ಲಿ ಒಂದು ಕೆಲಸ ಸಿಕ್ಕಿತ್ತು. ಆ ದಿನ ಐದು ಗಂಟೆಯೊಳಗೆ ಉತ್ತರ ಹೇಳಬೇಕು. ಮಗಳು ಅಮೂಲ್ಯಾಳದು ಹೈಸ್ಕೂಲಿನ ಕೊನೆಯ ವರ್ಷ, ಹಾಗಾಗಿ ಹೋದರೆ ಇವರೊಬ್ಬರೇ ಹೋಗಬೇಕು. ಮೈಸೂರಿನ ಅಕ್ಕ ಮನೆದೇವರಿಗೆ ಎರಡೂ ಕಡೆ ಹೂ ಇಟ್ಟು ಕೇಳಿದ್ದರು. ದೇವರ ಬಲಗಡೆಯದು ಬಿದ್ದರೆ ಹೋಗು, ಎಡಗಡೆಯದಾದರೆ ಬೇಡ. ತಮ್ಮನೇ ನೋಡಿಕೊಳ್ಳಲೆಂದು ವಿಡಿಯೊ ಕಳಿಸಿ ಮಲಗಿದ್ದರು.

“ಎಡಗಡೆ ಬಿತ್ತು. ಬೇಡ ಅಂತ ಟೈಪ್ ಮಾಡಿಟ್ಟಿದೀನಿ. ಕಳಿಸ್ಬೇಕು,” ಎಂದು ಫೋನಿನಲ್ಲಿ ಆ ವಿಡಿಯೊ ಹಾಕಿ ನನ್ನ ಮುಂದೆ ಹಿಡಿದರು.

ಯುಗಾದಿಗೆ ಕ್ಯಾಲೆಂಡರ್ ಹಂಚುವವನು ನಾನು. ನನ್ನ ಕಣ್ಣು ದೇವರಿಗಿಂತ ಮೊದಲು ಹಿಂದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಅಕ್ಷರವೆಲ್ಲ ಉಲ್ಟಾ.

“ಅಕ್ಕಾರು ತಮ್ಮ ಮಾರೀನೂ ಕಾಣ್ಲಿ ಅಂತ ಸೆಲ್ಫಿ ಕ್ಯಾಮೆರಾದಾಗ ತಗದಾರ. ಎಲ್ಲಾ ಕನ್ನಡಿಯೊಳಗಿನಂಗ ತಿರುವಿ ಬಂದೈತಿ. ದೇವರು ಹೋಗು ಅಂದಾನ್ರೀ.”

ಅವರು ವಿಡಿಯೊವನ್ನು ಮತ್ತೆ ಹಾಕಿ ನೋಡಿದರು. ಖುಷಿಯಿಲ್ಲ, ಗಾಬರಿಯೂ ಇಲ್ಲ.

“ಇನ್ನೊಂದ್ಸಲ ಕೇಳ್ಸಣ್ವಾ?”

“ಅಲ್ಲೀಗ ರಾತ್ರಿ ಎರಡು ಗಂಟೆ. ಅಕ್ಕಾರು ಎದ್ದಾರು, ದೇವರು ಏಳೂದು ಡೌಟು.”

ಬರೆದಿಟ್ಟಿದ್ದನ್ನು ಅಳಿಸಿದರು. ಖಾಲಿ ಪರದೆಯನ್ನೇ ನೋಡುತ್ತ ಕೂತರು. ಇಬ್ಬರು ಗಿರಾಕಿಗಳು ಬಂದುಹೋದರು. ಆಮೇಲೆ ಏನನ್ನೋ ಒತ್ತಿ ಫೋನನ್ನು ಜೇಬಿಗೆ ಹಾಕಿದರು.

“ಒಪ್ಕೊಂಡೆ.”

“ದೇವರ ಮಾತಾ, ನಿಮ್ಮದಾ?”

“ನಾಲ್ಕು ಐವತ್ತೆರಡರದು,” ಎಂದರು ಗೋಡೆಯ ಗಡಿಯಾರ ನೋಡಿ.

ಹೋಗುವಾಗ ಕೊತ್ತಂಬರಿ ಬೇಡವೆಂದರು. ಷಾರ್ಲಟ್‌ಗೆ ಒಯ್ಯಲು ಚಿಕ್ಕ ಪ್ರೆಶರ್ ಕುಕ್ಕರ್ ಇದೆಯೇ ಎಂದು ಕೇಳಿದರು, ಒಬ್ಬರಿಗೆ ಸಾಕಾಗುವಂಥದ್ದು.